ಮಗ್ಗದ ಅಳತೆಗೆ ಕಟ್ಟಿದ ಮನೆಗಳು

ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ರುವಾ ರೂಸ್ ಗುಡ್ಡ ಹತ್ತಿ ನಿಂತರೆ ಮೊದಲಿಗೆ ಕಣ್ಣು ಕುಕ್ಕುವಂಥದ್ದು ಏನೂ ಕಾಣುವುದಿಲ್ಲ. ಐದಾರು ಅಂತಸ್ತಿನ ಹಳೇ ಕಟ್ಟಡಗಳ ಸಾಲು. ಮಾಸಿದ ಹಳದಿ, ಮಾಸಿದ ಗುಲಾಬಿ. ಗೋಡೆ ಮೇಲೆ ಕೆತ್ತನೆ ಇಲ್ಲ, ಚೆಂದಕ್ಕೆ ಅಂತ ನಿಲ್ಲಿಸಿದ ಒಂದು ಕಂಬವೂ ಇಲ್ಲ. ಆದರೆ ಕಿಟಕಿಗಳನ್ನು ನೋಡಿ. ಆಳೆತ್ತರಕ್ಕಿಂತ ಜಾಸ್ತಿ ಎತ್ತರ, ಒಂದರ ಪಕ್ಕ ಒಂದು, ಒತ್ತೊತ್ತಾಗಿ. ಸಾಹುಕಾರರ ಮನೆಗೆ ಇಡುವಂಥ ಕಿಟಕಿಗಳು. ಇಲ್ಲಿ ಇದ್ದವರೋ, ಕತ್ತಲಿದ್ದಾಗ ಎದ್ದು ಕತ್ತಲಾದ ಮೇಲೂ ದುಡಿಯುತ್ತಿದ್ದ ರೇಷ್ಮೆ ನೇಕಾರರು. ಅಷ್ಟೊಂದು ಬೆಳಕನ್ನು ಅವರಿಗೆ ಯಾರು ಕೊಟ್ಟರು?

ಅವರಿಗೆ ಅಂತ ಯಾರೂ ಕೊಡಲಿಲ್ಲ. ಬೆಳಕು ಬೇಕಾಗಿದ್ದು ರೇಷ್ಮೆ ಎಳೆಗೆ. ಒಂದು ಎಳೆ ತುಂಡಾದರೆ ಕಣ್ಣಿಗೆ ಕಾಣಬೇಕು, ಬಣ್ಣ ಬಣ್ಣವಾಗಿಯೇ ತೋರಬೇಕು. ಮನೆಯ ಎತ್ತರದ ಕಥೆಯೂ ಹಾಗೇ. ಹೊಸದೊಂದು ಯಂತ್ರ ಬಂತು, ಅದನ್ನು ಮಗ್ಗದ ಮೇಲೆ ಕೂರಿಸಲು ಹತ್ತಿರ ಹತ್ತಿರ ನಾಲ್ಕು ಮೀಟರ್ ಎತ್ತರದ ಸೂರು ಬೇಕಾಯಿತು, ಒಂದು ಇಡೀ ಗುಡ್ಡದ ತುಂಬ ಆ ಅಳತೆಯ ಮನೆಗಳು ಎದ್ದವು. ಮಗ್ಗಕ್ಕೆ ಬಿಟ್ಟು ಮಿಕ್ಕ ಜಾಗದಲ್ಲಿ ಮನುಷ್ಯರು ಹೊಂದಿಕೊಂಡರು. ಯುರೋಪಿನ ಹಳೇ ಊರುಗಳಲ್ಲಿ ಕಮ್ಮಾರರ ಬೀದಿ, ಚರ್ಮ ಹದ ಮಾಡುವವರ ಕೇರಿ ಅಂತ ತೋರಿಸುವ ಜಾಗಗಳು ಬೇಕಾದಷ್ಟಿವೆ. ಬಹಳ ಕಡೆ ಹೆಸರು ಮಾತ್ರ ಉಳಿದು, ಕೆಳಗೆ ಐಸ್‌ಕ್ರೀಮ್ ಅಂಗಡಿ ಇರುತ್ತದೆ. ಇಲ್ಲಿ ಕೆಲಸ ಹೋದರೂ ಕೆಲಸದ ಅಳತೆ ಗೋಡೆಗಳಲ್ಲಿ ಹಾಗೇ ಉಳಿದುಬಿಟ್ಟಿದೆ. ನನಗೆ ಈ ಊರು ಹಿಡಿಸಿದ್ದು ಅದಕ್ಕೇ.

ನನ್ನ ತಮ್ಮ ಲಿಯಾನಿನಲ್ಲಿ ಕಂಪ್ಯೂಟರ್ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅವನನ್ನು ನೋಡುವ ನೆಪದಲ್ಲಿ ಹೋದದ್ದು. ಅವನಿಗೆ ಊರು ತೋರಿಸುವ ಉತ್ಸಾಹ, ನನಗೆ ಮಗ್ಗ ನೋಡುವ ಆಸೆ. ನಮ್ಮಮ್ಮನ ತವರು ದೊಡ್ಡಬಳ್ಳಾಪುರ. ಬೇಸಿಗೆ ರಜೆಯಲ್ಲಿ ಮಾವನ ಮನೆಗೆ ಹೋದರೆ ಪವರ್‌ಲೂಮಿನ ಸದ್ದಿನಲ್ಲೇ ಊಟ, ಅದರಲ್ಲೇ ನಿದ್ದೆ. ಹಾಗಾಗಿ ಜಕಾರ್ಡ್, ಅಂದರೆ ಬಟ್ಟೆಯಲ್ಲಿ ಚಿತ್ತಾರ ಮೂಡಿಸಲು ಮಗ್ಗದ ಮೇಲೆ ಕೂರಿಸುವ ಯಂತ್ರ, ನಮಗೆ ಚಿಕ್ಕಂದಿನಿಂದ ಕೇಳಿ ಗೊತ್ತಿದ್ದ ಹೆಸರು. ಅದು ಒಬ್ಬ ಮನುಷ್ಯನ ಹೆಸರು, ಅವನು ಲಿಯಾನಿನವನು ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ.

ಲಿಯಾನ್ ಎರಡು ನದಿಗಳ ಊರು. ಸೋನ್ ಮತ್ತು ರೋನ್ ಇಲ್ಲಿ ಸೇರುತ್ತವೆ. ಎರಡು ಗುಡ್ಡಗಳೂ ಇವೆ. ಫೂರ್ವಿಯೇರ್ ಮೇಲೆ ದೊಡ್ಡ ಚರ್ಚು, ಎದುರಿಗೆ ಕ್ರುವಾ ರೂಸ್. ಒಂದು ಪ್ರಾರ್ಥನೆ ಮಾಡುವ ಗುಡ್ಡ, ಇನ್ನೊಂದು ದುಡಿಯುವ ಗುಡ್ಡ ಅಂತ ಊರಿನವರು ಹೇಳುತ್ತಾರೆ. ಪ್ರವಾಸಿಗರು ಮೊದಲು ಹೋಗುವುದು ಪ್ರಾರ್ಥನೆಯ ಗುಡ್ಡದ ಬುಡದಲ್ಲಿರುವ ಹಳೇ ಲಿಯಾನಿಗೆ. ರೇಷ್ಮೆಯ ಕಥೆ ಶುರುವಾಗುವುದೂ ಅಲ್ಲೇ. 1536ರಲ್ಲಿ ದೊರೆ ಒಂದನೇ ಫ್ರಾನ್ಸಿಸ್, ಇಟಲಿಯ ಪೀಡ್‌ಮಾಂಟ್ ಕಡೆಯಿಂದ ಬಂದಿದ್ದ ಎತಿಯೆನ್ ಟುರ್ಕೆ ಎಂಬ ವರ್ತಕನಿಗೆ ಇಲ್ಲಿ ರೇಷ್ಮೆ ನೇಯಿಸಲು ಅಪ್ಪಣೆ ಕೊಟ್ಟ, ತೆರಿಗೆ ವಿನಾಯಿತಿಯನ್ನೂ ಕೊಟ್ಟ. ಅಲ್ಲಿಯ ತನಕ ಫ್ರಾನ್ಸಿನ ಶ್ರೀಮಂತರು ರೇಷ್ಮೆ ಬಟ್ಟೆಗೆ ಅಂತ ಇಟಲಿಗೆ ಸುರಿಯುತ್ತಿದ್ದ ದುಡ್ಡು ಕಡಿಮೆಯೇನಲ್ಲ. ದೊರೆಯ ಲೆಕ್ಕಾಚಾರ ಅದೇ ಆಗಿತ್ತು.

ಹಳೇ ಲಿಯಾನ್ ನಿಜಕ್ಕೂ ಚೆಂದ. ಆದರೆ ಅದರ ಬಗ್ಗೆ ಹೇಳುವವರು ತುಂಬ ಜನ ಇದ್ದಾರೆ, ನಾನು ಬೇಗ ದಾಟಿಬಿಡುತ್ತೇನೆ. ಒಂದು ಮಾತು ಮಾತ್ರ ಹೇಳಬೇಕು. 1950ರ ದಶಕದ ಕೊನೆಯ ಹೊತ್ತಿಗೆ ಇದು ಕುಸಿಯುತ್ತಿದ್ದ ಕೊಳೆಗೇರಿ. ನಡುವೆ ದೊಡ್ಡ ರಸ್ತೆ ಹಾಯಿಸುವ ಯೋಜನೆಯೂ ಇತ್ತು. ಅಲ್ಲಿನ ಜನ ಸಂಘ ಕಟ್ಟಿಕೊಂಡು ಹಟ ಹಿಡಿದು ತಡೆದರು. 1964ರಲ್ಲಿ ಫ್ರಾನ್ಸಿನಲ್ಲೇ ಮೊದಲ ಸಂರಕ್ಷಿತ ಬಡಾವಣೆ ಅಂತ ಸರ್ಕಾರ ಇದನ್ನು ಘೋಷಿಸಿತು. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರುವಾಗ ಹಳೇ ಲಿಯಾನಿನ ಜೊತೆ ಕ್ರುವಾ ರೂಸಿನ ಇಳಿಜಾರೂ ಸೇರಿತು.

ಅಲ್ಲಿಂದ ದುಡಿಯುವ ಗುಡ್ಡಕ್ಕೆ ನಡೆದೇ ಹತ್ತಬಹುದು. ಆದರೆ ಮೆಟ್ರೋ ಸಿ ಲೈನಿನಲ್ಲಿ ಒಂದು ಸಲ ಹೋಗಿ ನೋಡಿ. ಹಲ್ಲಿನ ಹಳಿ ಹಿಡಿದು ಏರುವ ಮೆಟ್ರೋ ಅದು. ಕ್ರುವಾ ಪಾಕೆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮೇ ಓರೆಯಾಗಿದೆ, ನಿಂತವರೂ ಓರೆಯಾಗೇ ಕಾಣುತ್ತಾರೆ. 1862ರಲ್ಲೇ ಈ ಗುಡ್ಡಕ್ಕೆ ಹಗ್ಗದಿಂದ ಎಳೆಯುವ ರೈಲು ಬಂದಿತ್ತು. ನಗರದೊಳಗೆ ಓಡಿದ ಅಂಥ ರೈಲುಗಳಲ್ಲಿ ಅದೇ ಮೊದಲನೆಯದು. ಹಗ್ಗದ ರೈಲಿಗೆ ಅಂತ ಗುಡ್ಡದಲ್ಲಿ ಸುರಂಗ ತೋಡುವಾಗ ಒಂದು ಭಾರಿ ಬಂಡೆ ಅಡ್ಡ ಸಿಕ್ಕಿತು. ಅದನ್ನು ಆಮೇಲೆ ಗುಡ್ಡದ ಅಂಚಿನಲ್ಲಿ ತಂದು ಇಟ್ಟರು. ಈಗಲೂ ಇದೆ. ಮಕ್ಕಳು ಅದರ ಸುತ್ತ ಆಡುತ್ತವೆ, ಪ್ರಾಯದವರು ಅದರ ಪಕ್ಕ ಕೂತು ಬಿಯರ್ ಕುಡಿಯುತ್ತಾರೆ. ಅಲ್ಲಿಂದ ಕೆಳಗೆ ಇಡೀ ಊರು ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಆಲ್ಪ್ಸ್ ಕೂಡ.

ಗುಡ್ಡದ ಮೇಲೆ ಮೊದಲು ಇದ್ದದ್ದು ಮಠಗಳು ಮತ್ತು ಅವುಗಳ ತೋಟಗಳು. ಫ್ರೆಂಚ್ ಕ್ರಾಂತಿಯಲ್ಲಿ ಮಠಗಳ ಆಸ್ತಿಯನ್ನೆಲ್ಲ ವಶಪಡಿಸಿಕೊಂಡು ಮಾರಿದರು. ಜಾಗ ಖಾಲಿಯಾಯಿತು. ಸರಿಯಾಗಿ ಅದೇ ಕಾಲಕ್ಕೆ ಜಕಾರ್ಡ್ ಯಂತ್ರ ಬಂತು. ಹಳೇ ಲಿಯಾನಿನ ಮನೆಗಳ ತಗ್ಗು ಸೂರಿನ ಕೆಳಗೆ ಅದು ಹಿಡಿಸುವಂತಿರಲಿಲ್ಲ. ಮೇಲೆ ಖಾಲಿ ಜಾಗ, ಕೆಳಗೆ ಎತ್ತರದ ಮಗ್ಗ. ಮನೆ ಕಟ್ಟಿ ಬಾಡಿಗೆಗೆ ಕೊಡುವವರಿಗೆ ಇನ್ನೇನು ಬೇಕು? ಇನ್ನೊಂದು ಕಾರಣವೂ ಇತ್ತು. 1852ರ ತನಕ ಗುಡ್ಡದ ಮೇಲ್ಭಾಗ ಲಿಯಾನಿಗೆ ಸೇರದ ಬೇರೆಯೇ ಊರು. ಊರೊಳಗೆ ಬರುವ ಸರಕಿಗೆ ಹಾಕುತ್ತಿದ್ದ ಸುಂಕ ಅಲ್ಲಿಗೆ ತಾಗುತ್ತಿರಲಿಲ್ಲ. ವೈನೂ ಅಗ್ಗ, ಬಾಡಿಗೆಯೂ ಅಗ್ಗ.

ಮನೆಯೊಳಗಿನ ವ್ಯವಸ್ಥೆ ಹೀಗೆ. ಒಂದು ದೊಡ್ಡ ಕೋಣೆ. ಕಿಟಕಿ ಪಕ್ಕ ಎರಡೋ ಮೂರೋ ಮಗ್ಗ. ಹಿಂದಿನ ಮೂಲೆಯಲ್ಲಿ ಒಲೆ. ಒಲೆಯ ಮೇಲ್ಭಾಗದಲ್ಲಿ ಮರದ ಅಟ್ಟ. ಸೂರು ಎತ್ತರ ಇದ್ದದ್ದರಿಂದ ಅಟ್ಟಕ್ಕೆ ಜಾಗ ಸಿಕ್ಕಿತು. ಗಂಡ, ಹೆಂಡತಿ, ಮಕ್ಕಳು ಏಣಿ ಹತ್ತಿ ಅಲ್ಲಿ ಮಲಗುವುದು. ಕೂಲಿಗೆ ಇದ್ದ ಆಳು, ಕೆಲಸ ಕಲಿಯಲು ಬಂದ ಹುಡುಗ, ಎಲ್ಲ ಅದೇ ಕೋಣೆಯಲ್ಲಿ. ಅಡುಗೆಯ ಹೊಗೆ, ಮಗ್ಗದ ದೂಳು, ಕೂಸಿನ ಅಳು, ಎಲ್ಲ ಅಲ್ಲೇ.

ಇದನ್ನು ನೋಡುವಾಗ ನನಗೆ ನಮ್ಮ ಕಡೆಯ ಗುಂಡಿ ಮಗ್ಗ ನೆನಪಾಯಿತು. ನಮ್ಮ ನೇಕಾರರ ಮನೆಗಳು ತಗ್ಗು. ಹಾಗಾಗಿ ನೆಲ ಅಗೆದು ಗುಂಡಿ ಮಾಡಿ, ಕಾಲು ಅದರೊಳಗೆ ಇಳಿಬಿಟ್ಟು ಕೂತು ನೇಯುತ್ತಿದ್ದರು. ಈಗಲೂ ಇಳಕಲ್ ಕಡೆ ಹಾಗೆ ನೇಯುವವರಿದ್ದಾರೆ. ಇಲ್ಲಿನವರು ಮೇಲಕ್ಕೆ ಹೋದರು, ನಮ್ಮವರು ಕೆಳಕ್ಕೆ ಇಳಿದರು. ಮಲಗಲು ಮಗ್ಗ ಬಿಟ್ಟುಕೊಟ್ಟಷ್ಟು ಜಾಗ ಅನ್ನುವುದು ಮಾತ್ರ ಎರಡು ಕಡೆಯೂ ಒಂದೇ.

ಈಗ ಮಗ್ಗದ ಹತ್ತಿರ ಹೋಗೋಣ. ದಿವ್ರಿ ಬೀದಿಯಲ್ಲಿ ನೇಕಾರರ ಮನೆ ಅನ್ನುವ ಸಣ್ಣ ಮ್ಯೂಸಿಯಂ ಇದೆ. ಲಿಯಾನಿನ ರೇಷ್ಮೆ ನೇಕಾರರನ್ನು ಕಾನ್ಯೂ ಅನ್ನುತ್ತಾರೆ, ಮ್ಯೂಸಿಯಮ್ಮಿಗೂ ಅದೇ ಹೆಸರು. ಅಲ್ಲಿ ಕೈಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಒಬ್ಬ ಹೆಂಗಸು ಮಗ್ಗದ ಮುಂದೆ ಕೂತರು. ತಲೆಯ ಮೇಲೆ ಮರದ ಚೌಕಟ್ಟು, ಅದರ ಪಕ್ಕದಲ್ಲಿ ರಟ್ಟಿನ ಕಾರ್ಡುಗಳ ಮಾಲೆ ಜೋತು ಬಿದ್ದಿದೆ. ಪ್ರತಿ ಕಾರ್ಡಿನಲ್ಲೂ ತೂತುಗಳು, ಒಂದರ ಹಾಗೆ ಇನ್ನೊಂದಿಲ್ಲ. ಅವರು ಕಾಲಿನಿಂದ ಮೆಟ್ಟಿದರು. ಮೇಲೆ ನಾಲ್ಕು ಮುಖದ ಮರದ ಉರುಳೆ ಕಾಲು ಸುತ್ತು ಹೊರಳಿತು, ಹೊಸ ಕಾರ್ಡನ್ನು ತಂದು ಸೂಜಿಗಳ ಸಾಲಿಗೆ ಒತ್ತಿತು. ತೂತು ಇದ್ದ ಕಡೆ ಸೂಜಿ ಒಳಗೆ ಹೋಯಿತು, ಅದರ ಕೊಕ್ಕೆ ಇದ್ದಲ್ಲೇ ಉಳಿಯಿತು, ಮೇಲೇಳುವ ಪಟ್ಟಿ ಅದನ್ನು ಎತ್ತಿಕೊಂಡು ಹೋಯಿತು. ತೂತು ಇಲ್ಲದ ಕಡೆ ಸೂಜಿ ಹಿಂದಕ್ಕೆ ಸರಿಯಿತು, ಕೊಕ್ಕೆ ತಪ್ಪಿತು, ಆ ಎಳೆ ಕೆಳಗೇ ಉಳಿಯಿತು. ಹಾಸಿನ ಎಳೆಗಳು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಎರಡು ಪಾಲಾದವು. ನಡುವೆ ಅಡ್ಡ ಎಳೆ ಹೊತ್ತ ಲಾಳಿ ಓಡಿತು. ಆ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿಯಿತು. ಮುಗಿಯಿತು, ಒಂದು ಹೊಕ್ಕು, ಅಂದರೆ ಒಂದು ಅಡ್ಡ ಎಳೆ. ಮತ್ತೆ ಮೆಟ್ಟಬೇಕು, ಮುಂದಿನ ಕಾರ್ಡು.

ಈ ಸದ್ದಿಗೆ ಲಿಯಾನಿನವರು ಒಂದು ಹೆಸರೇ ಇಟ್ಟಿದ್ದಾರೆ: ಬಿಸ್ತಾಂಕ್ಲಾಕ್-ಪಾನ್. ಬಾಯಲ್ಲಿ ಹೇಳಿ ನೋಡಿ, ಮೆಟ್ಟಿದ್ದು, ಲಾಳಿ ಓಡಿದ್ದು, ಹಣಿಗೆ ಬಡಿದದ್ದು ಎಲ್ಲ ಬರುತ್ತದೆ. ಸಾವಿರಾರು ಮಗ್ಗಗಳು ಒಟ್ಟಿಗೆ ಆಡುತ್ತಿದ್ದಾಗ ಗುಡ್ಡ ಹೇಗಿದ್ದಿರಬಹುದು ಅಂತ ಊಹಿಸಲು ನನಗೆ ಕಷ್ಟವಾಗಲಿಲ್ಲ. ಮಾವನ ಮನೆಯಲ್ಲಿ ಮಲಗಿ ಎದ್ದವರಿಗೆ ಅದು ಗೊತ್ತು.

ಜೋಸೆಫ್ ಮರಿ ಜಕಾರ್ಡ್ ಹುಟ್ಟಿದ್ದು 1752ರಲ್ಲಿ, ಇದೇ ಊರಿನಲ್ಲಿ. ಅವನ ಯಂತ್ರ 1804ರದ್ದು. ಎಲ್ಲವನ್ನೂ ಅವನೊಬ್ಬನೇ ಕಂಡುಹಿಡಿದ ಅಂತಿಲ್ಲ. ತೂತು ಮಾಡಿದ ಕಾಗದದ ಸುರುಳಿಯನ್ನು 1725ರಲ್ಲೇ ಬಾಸಿಲ್ ಬೂಶೋನ್ ಬಳಸಿದ್ದ. ಮೂರು ವರ್ಷದ ಮೇಲೆ ಫಾಲ್ಕೋನ್ ಅದನ್ನು ಕಾರ್ಡುಗಳ ಮಾಲೆ ಮಾಡಿದ. 1745ರಲ್ಲಿ ವೋಕಾನ್ಸೋನ್ ತಾನೇ ಆಡುವ ಮಗ್ಗ ಮಾಡಿದ. ಜಕಾರ್ಡ್ ಇವನ್ನೆಲ್ಲ ಕೂಡಿಸಿ ನೇಕಾರನ ಕೈಗೆ ಒಗ್ಗುವ ಹಾಗೆ ಮಾಡಿದ. ಸರ್ಕಾರ ಅವನಿಗೆ ಪಿಂಚಣಿ ಕೊಟ್ಟು ಯಂತ್ರವನ್ನು ಎಲ್ಲರ ಸ್ವತ್ತಾಗಿಸಿತು. ನೇಕಾರರು ಸಿಟ್ಟಿನಲ್ಲಿ ಅವನನ್ನು ನದಿಗೆ ತಳ್ಳಲು ಹೋಗಿದ್ದರು ಅನ್ನುವ ಕಥೆಯನ್ನೂ ಹೇಳುತ್ತಾರೆ. ಅದೇ ಊರು ಇವತ್ತು ಗುಡ್ಡದ ಚೌಕದಲ್ಲಿ ಅವನ ಪ್ರತಿಮೆ ನಿಲ್ಲಿಸಿಕೊಂಡಿದೆ.

ನನ್ನ ತಮ್ಮನಿಗೆ ಕಾರ್ಡುಗಳನ್ನು ನೋಡಿ ಮೈಮೇಲೆ ಬಂದ ಹಾಗಾಯಿತು. "ಅಕ್ಕಾ, ತೂತು ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಇದು ಪ್ರೋಗ್ರಾಮೇ ಅಲ್ವಾ!" ಅಂದ. ನಿಜ. 1839ರಲ್ಲಿ ಇಲ್ಲಿನ ನೇಕಾರ ಕಾರ್ಕಿಯಾ ಎಂಬುವನು 24,000 ಕಾರ್ಡು ಬಳಸಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದ. ನೋಡಿದವರು ಅಚ್ಚು ಹಾಕಿದ್ದು ಅಂದುಕೊಳ್ಳುತ್ತಿದ್ದರು. ಅದರ ಒಂದು ಪ್ರತಿ ಲಂಡನ್ನಿನಲ್ಲಿ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ಲೆಕ್ಕ ಮಾಡುವ ಯಂತ್ರಕ್ಕೆ ಕಾರ್ಡು ಬಳಸುವ ಯೋಚನೆ ಅವನಿಗೆ ಬಂದದ್ದು ಈ ಮಗ್ಗದಿಂದಲೇ.

ಕಂಪ್ಯೂಟರಿನ ಅಜ್ಜ ಅಂತ ಈ ಮಗ್ಗವನ್ನು ಹೊಗಳುವವರಿಗೆ ಕೊರತೆಯಿಲ್ಲ. ಆದರೆ ಕಾರ್ಡು ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದವರು ಯಾರು? ಮಗ್ಗದ ಪಕ್ಕದಲ್ಲಿ ನಿಂತು, ಯಾವ ಹೊಕ್ಕಿಗೆ ಯಾವ ಎಳೆ ಏಳಬೇಕೋ ಆ ಹಗ್ಗಗಳನ್ನು ಒಂದೊಂದಾಗಿ ಎಳೆಯುತ್ತಿದ್ದವರು. ಹೆಚ್ಚಿನವರು ಹುಡುಗಿಯರು, ಎಳೇ ಮಕ್ಕಳೂ ಇದ್ದರು. ಇಡೀ ದಿನ ಅದೇ ಕೆಲಸ. ಜಕಾರ್ಡ್ ಬಂದು ಅವರ ತೋಳಿನ ನೋವೂ ಹೋಯಿತು, ಕೂಲಿಯೂ ಹೋಯಿತು. ಬ್ಯಾಬೇಜನ ಕಥೆ ಹೇಳುವಾಗ ಆ ಹುಡುಗಿಯರಿಗೂ ಒಂದು ಸಾಲು ಸಿಗಬೇಕು ಅಂತ ನನ್ನ ಆಸೆ.

ಪಕ್ಕದ ಇನ್ನೊಂದು ಮಗ್ಗದಲ್ಲಿ ವೆಲ್ವೆಟ್ ಇತ್ತು. ವೆಲ್ವೆಟ್ಟನ್ನು ಕೈಯಲ್ಲಿ ಹೇಗೆ ನೇಯುತ್ತಾರೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಹಾಸಿನ ಎಳೆಗಳ ಕೆಳಗೆ ಒಂದು ಸಪೂರ ಲೋಹದ ಕಡ್ಡಿ ತೂರಿಸುತ್ತಾರೆ. ಎಳೆ ಅದರ ಮೇಲೆ ಕುಣಿಕೆಯಾಗಿ ಕೂರುತ್ತದೆ. ಕಡ್ಡಿಯ ಬೆನ್ನಲ್ಲಿ ಉದ್ದಕ್ಕೂ ಒಂದು ಗೀರು ಇದೆ. ಆ ಗೀರಿನ ದಾರಿಯಲ್ಲೇ ಚಿಕ್ಕ ಅಲಗನ್ನು ಓಡಿಸಿದರೆ ಕುಣಿಕೆಗಳೆಲ್ಲ ಕೊಯ್ದು, ರೇಷ್ಮೆಯ ರೋಮ ಎದ್ದು ನಿಲ್ಲುತ್ತದೆ. ಅಲಗು ಕೂದಲೆಳೆಯಷ್ಟು ಆಚೀಚೆ ಆದರೂ ಹಾಸು ಕತ್ತರಿಸಿಹೋಗುತ್ತದೆ. ಮತ್ತೆ ಕಡ್ಡಿ, ಮತ್ತೆ ಅಲಗು. ಹೂಬಳ್ಳಿ ಇರುವ ಕೈ ವೆಲ್ವೆಟ್ಟಾದರೆ ಇಡೀ ದಿನಕ್ಕೆ ಕೆಲವೇ ಸೆಂಟಿಮೀಟರ್.

ಅಷ್ಟು ನಿಧಾನದ ಕೆಲಸಕ್ಕೆ ಕೂಲಿ ಹೇಗೆ ಕೊಡುತ್ತಿದ್ದರು? ನನ್ನ ಮಟ್ಟಿಗೆ ಈ ಗುಡ್ಡದ ನಿಜವಾದ ಕಥೆ ಇರುವುದು ಇಲ್ಲಿ. ಬೆಟ್ಟದ ಬುಡದಲ್ಲಿ ಸಾಹುಕಾರರು ಇದ್ದರು. ನೂಲು ಅವರದು, ನಮೂನೆ ಅವರದು, ಗಿರಾಕಿ ಅವರಿಗೇ ಗೊತ್ತು. ಮಗ್ಗ ಮಾತ್ರ ಅವರದಲ್ಲ. ಅದು ಗುಡ್ಡದ ಮೇಲಿನ ನೇಕಾರನ ಸ್ವಂತದ್ದು. ಅವನು ನೂಲು ತಂದು, ಮನೆಮಂದಿ ಮತ್ತು ಆಳುಗಳ ಜೊತೆ ನೇಯ್ದು, ಬಟ್ಟೆ ಹೊತ್ತುಕೊಂಡು ಕೆಳಗೆ ಇಳಿಯಬೇಕು. ಉದ್ದ ಅಳೆದು ಅಳತೆಗೆ ಇಷ್ಟು ಅಂತ ದುಡ್ಡು. ಅದರಲ್ಲಿ ಅರ್ಧದಷ್ಟು ಆಳಿಗೆ ಹೋಗುತ್ತದೆ. ಮಗ್ಗ ಕೆಟ್ಟರೆ ರಿಪೇರಿ ಇವನ ಖರ್ಚು. ಬಟ್ಟೆಯಲ್ಲಿ ಕಲೆ ಕಂಡರೆ ಕಡಿತ. ಪ್ಯಾರಿಸ್ಸಿನಲ್ಲಿ ಫ್ಯಾಶನ್ ಬದಲಾದರೆ, ಅಮೆರಿಕದಲ್ಲಿ ಬ್ಯಾಂಕು ಮುಳುಗಿದರೆ, ಮೊದಲು ಕಡಿಮೆಯಾಗುವುದು ಈ ದರ.

ಇದನ್ನು ದೊಡ್ಡಬಳ್ಳಾಪುರದವರಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಮಜೂರಿ ನೇಯ್ಗೆ ಅಂದರೆ ಇದೇ ತಾನೇ.

1831ರಲ್ಲಿ ಲಿಯಾನಿನಲ್ಲಿ ಸುಮಾರು 8,000 ಮಗ್ಗದ ಯಜಮಾನರು, 30,000 ಆಳು ನೇಕಾರರು ಇದ್ದರು. ದರ ಇಳಿದೂ ಇಳಿದೂ ಹೊಟ್ಟೆಗೆ ಸಾಲದ ಹಾಗಾಗಿತ್ತು. ನೇಕಾರರು ಕೇಳಿದ್ದು ಒಂದೇ: ಇಂಥ ಬಟ್ಟೆಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತ ಒಂದು ದರಪಟ್ಟಿ. ಜಿಲ್ಲೆಯ ಆಡಳಿತಾಧಿಕಾರಿ ಬೂವಿಯೇ ದ್ಯುಮೊಲಾರ್ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದ. ಅಕ್ಟೋಬರ್ 25ರಂದು ಪಟ್ಟಿ ಒಪ್ಪಿಗೆಯಾಯಿತು. ನೇಕಾರರು ಬೀದಿಯಲ್ಲಿ ಕುಣಿದರು. ಆದರೆ ನೂರಕ್ಕೂ ಹೆಚ್ಚು ಸಾಹುಕಾರರು ಒಪ್ಪಲಿಲ್ಲ. ದರ ಕಟ್ಟುವುದು ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡ್ಡಿ ಅನ್ನುವುದು ಅವರ ವಾದ. ಪ್ಯಾರಿಸ್ಸಿನ ಸರ್ಕಾರವೂ ಅವರ ಮಾತಿಗೇ ತಲೆದೂಗಿತು.

ನವೆಂಬರ್ 21ರ ಬೆಳಿಗ್ಗೆ ಮಗ್ಗಗಳು ನಿಂತವು. ನೇಕಾರರು ಗ್ರಾಂಡ್ ಕೋಟ್ ಇಳಿಜಾರಿನಲ್ಲಿ ಕೆಳಗೆ ಹೊರಟರು. ಕಡಿದಾದ ಬೀದಿ ಅದು, ಇವತ್ತೂ ಇಳಿಯುವಾಗ ಮಂಡಿ ನೋಯುತ್ತದೆ. ಅಲ್ಲಿ ಅವರನ್ನು ತಡೆದ ನಾಗರಿಕರ ಕಾವಲು ಪಡೆಯ ತುಕಡಿಯಲ್ಲಿ ಇದ್ದವರು ವರ್ತಕರೇ. ಗುಂಡು ಹಾರಿತು, ನೇಕಾರರು ಸತ್ತರು. ಅಲ್ಲಿಂದ ಮುಂದೆ ಯಾರೂ ನಿಲ್ಲಿಸುವಂತಿರಲಿಲ್ಲ. ಕಪ್ಪು ಬಾವುಟ ಎದ್ದಿತು. ಅದರ ಮೇಲಿನ ಮಾತು ಇದು: ದುಡಿದು ಬದುಕುತ್ತೇವೆ, ಇಲ್ಲವಾದರೆ ಹೋರಾಡಿ ಸಾಯುತ್ತೇವೆ. ಎರಡು ದಿನದ ಕಾದಾಟದ ಮೇಲೆ ಸೈನ್ಯ ರಾತ್ರೋರಾತ್ರಿ ಊರು ಬಿಟ್ಟಿತು. ಫ್ರಾನ್ಸಿನ ಎರಡನೇ ದೊಡ್ಡ ಊರು ನೇಕಾರರ ಕೈಗೆ ಬಂತು.

ಬಂದ ಮೇಲೆ ಅವರು ಏನು ಮಾಡಿದರು ಗೊತ್ತಾ? ಕಾವಲು ಕಾದರು. ಅಂಗಡಿ, ಖಜಾನೆಗಳನ್ನು ಯಾರೂ ಲೂಟಿ ಮಾಡದ ಹಾಗೆ ನೋಡಿಕೊಂಡರು. ಅವರಿಗೆ ರಾಜ್ಯ ಬೇಕಿರಲಿಲ್ಲ, ದರಪಟ್ಟಿ ಬೇಕಿತ್ತು. ಡಿಸೆಂಬರ್ ಮೊದಲ ವಾರ ದೊರೆಯ ಮಗ ಮತ್ತು ಮಾರ್ಷಲ್ ಸುಲ್ಟ್ ದೊಡ್ಡ ಸೈನ್ಯದ ಜೊತೆ ಬಂದರು. ಪ್ರತಿಭಟನೆಯಿಲ್ಲದೆ ಊರು ಬಿಟ್ಟುಕೊಟ್ಟಾಯಿತು. ದರಪಟ್ಟಿ ರದ್ದಾಯಿತು. ಮಾತುಕತೆ ಮಾಡಿಸಿದ ಅಧಿಕಾರಿಯ ಕೆಲಸವೂ ಹೋಯಿತು. 1834ರ ಏಪ್ರಿಲಿನಲ್ಲಿ ನೇಕಾರರು ಮತ್ತೆ ಎದ್ದರು. ಈ ಸಲ ಸೈನ್ಯ ಕಾಯಲಿಲ್ಲ, ಬೀದಿಗಳಲ್ಲಿ ಫಿರಂಗಿ ಹಾರಿಸಿತು. ನೂರಾರು ಜನ ಸತ್ತರು.

ಸಾಹುಕಾರರು ಇದರಿಂದ ಒಂದು ಪಾಠ ಕಲಿತರು. ಇಷ್ಟೊಂದು ನೇಕಾರರು ಒಂದೇ ಗುಡ್ಡದಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡು ಇರುವುದು ತಮಗೆ ಒಳ್ಳೆಯದಲ್ಲ. ಅಲ್ಲಿಂದ ಮುಂದೆ ಕೆಲಸ ಮೆಲ್ಲಮೆಲ್ಲಗೆ ಸುತ್ತಲ ಹಳ್ಳಿಗಳಿಗೆ ಹೋಗತೊಡಗಿತು. ಹಳ್ಳಿಯಲ್ಲಿ ಕೂಲಿಯೂ ಕಡಿಮೆ, ಜಗಳವೂ ಕಡಿಮೆ. 1835ರಲ್ಲಿ ಜ್ಯುಜ್ಯುರಿಯೋ ಎಂಬ ಹಳ್ಳಿಯಲ್ಲಿ ಎದ್ದ ಕಾರ್ಖಾನೆಯಲ್ಲಿ ಹಳ್ಳಿ ಹುಡುಗಿಯರನ್ನು ಸನ್ಯಾಸಿನಿಯರ ಉಸ್ತುವಾರಿಯಲ್ಲಿ ಇಟ್ಟು ದುಡಿಸುತ್ತಿದ್ದರು.

ಗೈಡುಗಳು ಈ ಭಾಗವನ್ನು ಎರಡು ನಿಮಿಷದಲ್ಲಿ ಮುಗಿಸಿ ಟ್ರಾಬೂಲ್ ಕಡೆ ಓಡುತ್ತಾರೆ. ಟ್ರಾಬೂಲ್ ಅಂದರೆ ಕಟ್ಟಡಗಳ ಹೊಟ್ಟೆಯೊಳಗಿನಿಂದ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟುವ ದಾರಿ. ಹೊರಗಿನಿಂದ ನೋಡಿದರೆ ಮಾಮೂಲಿ ಮನೆ ಬಾಗಿಲು. ತಳ್ಳಿದರೆ ಕತ್ತಲ ಓಣಿ, ಆಮೇಲೆ ಅಂಗಳ, ಮೆಟ್ಟಿಲು, ಮತ್ತೆ ಓಣಿ. ಊರಲ್ಲಿ ಇಂಥವು ನೂರಾರು ಇವೆ, ನೋಡಲು ಬಿಡುವುದು ಕೆಲವನ್ನೇ. ಹಳೇ ಲಿಯಾನಿನ ಸಾಂ ಜಾನ್ ಬೀದಿಯ 54ನೇ ನಂಬರಿನಲ್ಲಿ ಒಳಗೆ ಹೋದರೆ ನಾಲ್ಕು ಅಂಗಳ ದಾಟಿ ಹಿಂದಿನ ಬೀದಿಯಲ್ಲಿ ಏಳುತ್ತೀರಿ.

ಮಳೆಗೆ ರೇಷ್ಮೆ ನೆನೆಯದಿರಲಿ ಅಂತ ನೇಕಾರರು ಇವನ್ನು ಕಟ್ಟಿಕೊಂಡರು ಅಂತ ಗೈಡು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹಳೇ ಲಿಯಾನಿನ ಟ್ರಾಬೂಲ್‌ಗಳು ರೇಷ್ಮೆಗಿಂತ ಹಳೆಯವು. ನದಿಯ ಗುಂಟ ಉದ್ದುದ್ದ ಬೀದಿಗಳಿವೆ, ಅಡ್ಡ ಬೀದಿಗಳು ಕಡಿಮೆ. ಸುತ್ತಿ ಬರುವ ಬದಲು ಮನೆ ಒಳಗಿಂದ ದಾಟುವುದು ಸುಲಭ, ಅಷ್ಟೇ. ಕ್ರುವಾ ರೂಸಿನಲ್ಲಿ ನೇಕಾರರು ಬಟ್ಟೆ ಹೊತ್ತು ಇವುಗಳಲ್ಲಿ ಇಳಿದದ್ದು ನಿಜ. ಬಂಡೆದ್ದಾಗ ಸೈನ್ಯಕ್ಕಿಂತ ಈ ದಾರಿಗಳು ಅವರಿಗೇ ಚೆನ್ನಾಗಿ ಗೊತ್ತಿದ್ದವು ಅನ್ನುವುದೂ ನಿಜ. ನೂರು ವರ್ಷ ಕಳೆದು, ನಾಜಿಗಳ ಕಾಲದಲ್ಲಿ ಭೂಗತ ಹೋರಾಟಗಾರರಿಗೂ ಇವು ಒದಗಿ ಬಂದವು.

ಇವುಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಕೂರ್ ದೆ ವೊರಾಸ್. ಕೊಲ್ಬೇರ್ ಚೌಕದ 9ನೇ ನಂಬರು. ಒಳಗೆ ಆರು ಅಂತಸ್ತಿನ ಕಲ್ಲು ಮೆಟ್ಟಿಲ ಗೋಪುರ, ಪೂರ್ತಿ ಬಯಲಿಗೆ ತೆರೆದದ್ದು. ಮೆಟ್ಟಿಲುಗಳು ಓರೆಯಾಗಿ ಆಚೀಚೆ ಏರುತ್ತವೆ. ಅಲಂಕಾರ ಅನ್ನುವುದು ಒಂದಿಷ್ಟೂ ಇಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ. ನಾವು ನಿಂತಿದ್ದಾಗ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಬಂದರು. ದಾರಿ ಬಿಟ್ಟೆವು. ಅವರು ತಮ್ಮನಿಗೆ ಏನೋ ಹೇಳಿ ಹತ್ತಿಹೋದರು. "ಏನಂತೋ?" ಅಂದೆ. "ಫೋಟೋ ಬೇಕಾದ್ರೆ ತಗೊಳ್ಳಿ, ಕೂಗಾಡ್ಬೇಡಿ, ಮೇಲೆ ಮಗು ಮಲಗಿದೆ ಅಂದ್ರು ಅಕ್ಕ" ಅಂದ. ಜನ ವಾಸ ಇರುವ ಮನೆಗಳ ಮೆಟ್ಟಿಲು ಇವು. ದಾರಿಯನ್ನು ತೆರೆದಿಟ್ಟರೆ ದೀಪ, ಕಸ ಗುಡಿಸುವುದರ ಖರ್ಚಿಗೆ ನಗರಪಾಲಿಕೆ ಕೈ ಹಾಕುತ್ತದೆ. ಆದರೂ ಬೆಳಿಗ್ಗೆಯಿಂದ ಸಂಜೆ ತನಕ ನಿಮ್ಮ ಮನೆ ಮೆಟ್ಟಿಲ ಬುಡದಲ್ಲಿ ಗುಂಪು ನಿಂತಿರುವುದನ್ನು ಊಹಿಸಿಕೊಳ್ಳಿ.

ರೇಷ್ಮೆಯ ಊರಿಗೆ ಹೋಗಿ ಹುಳುವಿನ ಸುದ್ದಿ ಎತ್ತದಿದ್ದರೆ ಹೇಗೆ? 1850ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಂತು. 1853ರಲ್ಲಿ 26,000 ಟನ್ ಇದ್ದ ಗೂಡಿನ ಬೆಳೆ 1865ರ ಹೊತ್ತಿಗೆ 4,000 ಟನ್ನಿಗೆ ಬಿತ್ತು. ಲಿಯಾನ್ ಚೀನಾ, ಜಪಾನ್ ಕಡೆಯ ನೂಲಿಗೆ ಕೈ ಚಾಚಿತು. ಸರ್ಕಾರ ಲೂಯಿ ಪಾಶ್ಚರನನ್ನು ರೇಷ್ಮೆ ಹುಳು ಸಾಕುವ ಆಲೇಸ್ ಊರಿಗೆ ಕಳಿಸಿತು. ಅವನಿಗೆ ಆವರೆಗೆ ರೇಷ್ಮೆ ಹುಳುವಿನ ಪರಿಚಯವೇ ಇರಲಿಲ್ಲ. ಅವನು ಕಂಡುಕೊಂಡ ದಾರಿ ಸರಳ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ. ನಮ್ಮ ಕರ್ನಾಟಕದ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಇವತ್ತಿಗೂ ಹೀಗೇ ಪರೀಕ್ಷೆ ಮಾಡುತ್ತಾರೆ. ರೋಗರಹಿತ ಮೊಟ್ಟೆ ಅಂತ ಶಿಡ್ಲಘಟ್ಟದ ರೈತರು ಕೊಳ್ಳುವುದರ ಹಿಂದೆ ಇರುವುದು ಆಲೇಸಿನ ಆ ಕೆಲಸ.

ಹೊಟ್ಟೆಪಾಡಿನ ಮಾತೂ ಆಗಿಬಿಡಲಿ. ಗ್ರಾಂಡ್ ಕೋಟ್ ಬೀದಿಯಲ್ಲೇ 1835ರಲ್ಲಿ ಒಂದು ದಿನಸಿ ಅಂಗಡಿ ತೆರೆಯಿತು. ಲಾಭವನ್ನು ಗಿರಾಕಿಗಳಿಗೂ ಹಂಚುವ ಸಹಕಾರಿ ಅಂಗಡಿ, ಫ್ರಾನ್ಸಿನಲ್ಲಿ ಅಂಥದ್ದು ಮೊದಲು. ದರಪಟ್ಟಿ ಸಿಗದಿದ್ದರೆ ಖರ್ಚನ್ನಾದರೂ ಇಳಿಸೋಣ ಅನ್ನುವ ಯೋಚನೆ ಇರಬೇಕು. ಹೆಚ್ಚು ದಿನ ನಡೆಯಲಿಲ್ಲ. ಲಿಯಾನಿನ ಊಟ ಅಂದರೆ ಬರೀ ಮಾಂಸ, ನನ್ನಂಥವರಿಗೆ ಕಷ್ಟ. ನನಗೆ ದಕ್ಕಿದ್ದು ಸೆರ್ವೆಲ್ ದ ಕಾನ್ಯೂ. ನೇಕಾರನ ಮಿದುಳು ಅಂತ ಹೆಸರು, ಹೆದರಬೇಡಿ. ಹಸೀ ಚೀಸನ್ನು ಕಡೆದು ಈರುಳ್ಳಿ ಜಾತಿಯ ಸೊಪ್ಪು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ಮೆಣಸು ಹಾಕಿದ್ದು. ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರೆ ನಮ್ಮ ಮೊಸರು ಬಜ್ಜಿಯ ದೂರದ ನೆಂಟನ ಹಾಗಿದೆ.

ಈಗ ಕ್ರುವಾ ರೂಸಿನಲ್ಲಿ ಯಾರಿದ್ದಾರೆ? ಮನೆ ಮಾರುವ ಏಜೆಂಟರ ಕಿಟಕಿ ನೋಡಿದರೆ ಗೊತ್ತಾಗುತ್ತದೆ. ಕಾನ್ಯೂ ಮನೆ, ಎತ್ತರದ ಸೂರು, ಓಕ್ ಮರದ ತೊಲೆಗಳು, ಅಟ್ಟ ಸಹಿತ, ಅಂತ ಜಾಹೀರಾತು. ಬೆಲೆ ಕೇಳಿದರೆ ನೇಯುವವನು ಬಾಗಿಲಿಗೂ ಬರುವಂತಿಲ್ಲ. ಜಾಗ ಸಾಲದೆ ಮಕ್ಕಳನ್ನು ಮಲಗಿಸುತ್ತಿದ್ದ ಅಟ್ಟ ಈಗ ಶೋಕಿಯ ವಸ್ತು. ಅದೂ ನೋಡಲು ಚೆಂದವೇ, ಸುಳ್ಳು ಹೇಳಬಾರದು. ನನಗೂ ಅಂಥ ಒಂದು ಮನೆ ಕೊಟ್ಟರೆ ಬೇಡ ಅನ್ನುವುದಿಲ್ಲ. ಗುಡ್ಡದ ಒಂದು ಮೂಲೆಯಲ್ಲಿ 1,200 ಚದರ ಮೀಟರಿನ ಗೋಡೆ ಚಿತ್ರ ಇದೆ. ಇಳಿಜಾರಿನ ಬೀದಿ, ಮೆಟ್ಟಿಲು, ಜನ, ಎಲ್ಲ ಬರೀ ಬಣ್ಣ. 1987ರಲ್ಲಿ ಬರೆದದ್ದು, ಆಮೇಲೆ ಎರಡು ಸಲ ಹೊಸದಾಗಿ ತಿದ್ದಿದ್ದಾರೆ, ಅದರೊಳಗಿನ ಜನರಿಗೂ ವಯಸ್ಸಾಗಿದೆ. ಫೋಟೋಗೆ ಅಲ್ಲಿ ಸಾಲು ನಿಲ್ಲುತ್ತಾರೆ.

ಆದರೆ ಕೆಲಸ ಪೂರ್ತಿ ಸತ್ತಿಲ್ಲ. 1752ರಿಂದ ಇರುವ ಪ್ರೆಲ್ ಎಂಬ ಸಂಸ್ಥೆ ಈ ಗುಡ್ಡದಲ್ಲೇ ಇನ್ನೂ ನೇಯುತ್ತದೆ. ಹಳೇ ಅರಮನೆಗಳ ಗೋಡೆಗೆ, ಪರದೆಗೆ ಮೊದಲಿದ್ದ ಹಾಗೇ ಬಟ್ಟೆ ಬೇಕು ಅಂದರೆ ಅವರ ಹತ್ತಿರ ಬರುತ್ತಾರೆ. ರಿಶಾನ್ ಬೀದಿಯಲ್ಲಿ ಒಂದು ಸಂಘದವರು ಹಳೇ ಮನೆ-ಕಾರ್ಖಾನೆಯೊಂದನ್ನು ಮಗ್ಗ ಸಮೇತ ಉಳಿಸಿದ್ದಾರೆ. ನನಗೆ ಮ್ಯೂಸಿಯಮ್ಮಿಗಿಂತ ಅದು ಹಿಡಿಸಿತು. ಅಟ್ಟ, ಒಲೆ, ಕಿಟಕಿ ಎಲ್ಲ ಇದ್ದ ಜಾಗದಲ್ಲೇ ಇವೆ. ನಿಂತರೆ ಮಗ್ಗ ಎಷ್ಟು ದೊಡ್ಡದು, ಮನುಷ್ಯನಿಗೆ ಉಳಿದದ್ದು ಎಷ್ಟು ಅಂತ ಮೈಗೇ ತಿಳಿಯುತ್ತದೆ.

ವೆಲ್ವೆಟ್ ಮಗ್ಗದ ವಿಡಿಯೋವನ್ನು ಅವತ್ತು ರಾತ್ರಿ ಮಾವನಿಗೆ ಕಳಿಸಿದೆ. ಬೆಳಿಗ್ಗೆ ಫೋನು ಬಂತು. ಮಾವ ಈಗ ಜಕಾರ್ಡಿಗೆ ಪೆನ್‌ಡ್ರೈವ್ ಹಾಕುವವರು, ರಟ್ಟಿನ ಕಾರ್ಡು ಬಿಟ್ಟು ಎಷ್ಟೋ ವರ್ಷವಾಯಿತು. ಮೊದಲ ಪ್ರಶ್ನೆ, "ಎಷ್ಟು ಹುಕ್ಕಿಂದಮ್ಮ ಅದು?" ಕೊಕ್ಕೆಗಳನ್ನು ನಾನು ಎಣಿಸಿರಲಿಲ್ಲ. ಎರಡನೆಯದು, "ಆಯಮ್ಮಂಗೆ ಮೀಟರಿಗೆ ಎಷ್ಟು ಕೊಡ್ತಾರಂತೆ?" ತಮ್ಮ ಅದನ್ನು ಮ್ಯೂಸಿಯಮ್ಮಿನಲ್ಲಿ ಕೇಳಿದ್ದ. ಮೀಟರ್ ಲೆಕ್ಕ ಇಲ್ಲ, ತಿಂಗಳ ಸಂಬಳ ಅಂದಿದ್ದರು. ಹೇಳಿದೆ.

"ಹಂಗಾದ್ರೆ ಸರಿ ಬಿಡು" ಅಂದರು ಮಾವ. "ದಿನಕ್ಕೆ ನಾಲ್ಕು ಬೆರಳು ನೇಯೋರಿಗೆ ಮೀಟರ್ ಲೆಕ್ಕ ಹಾಕಿದ್ರೆ ಕಾಫಿಪುಡಿಗೂ ಆಗಲ್ಲ ಕಣಮ್ಮ."